ಹುಸೇನಸಾಬ ಬರೆದ ಬೀದಿ ಪರದೆ

ಎಪ್ಪತ್ತರ ದಶಕದ ನಡುವಿನ ವರ್ಷಗಳು. ವಿಜಯಪುರದಲ್ಲಿ ನನ್ನದು ‘ಡ್ರಾಮಾ ಸೀನ್ಸ್’ ಅಂಗಡಿ. ಸೀನ್ಸ್ ಎಂದರೆ ನಾಟಕದ ಪರದೆಗಳು: ದರಬಾರು, ಅಡವಿ, ಬೀದಿ, ಸೆರೆಮನೆ. ಬಣ್ಣದ ಪುಡಿಯನ್ನು ಕುದಿಸಿದ ಅಂಟಿನಲ್ಲಿ ಕಲಸಿ ಕೋರಾ ಬಟ್ಟೆಯ ಮೇಲೆ ನಾನೇ ಬರೆಯುತ್ತಿದ್ದೆ. ಬಿದಿರಿನ ಗಳಕ್ಕೆ ಸುತ್ತಿ, ಬಸ್ಸಿನ ಮೇಲೆ ಹಾಕಿ ಹಳ್ಳಿಗಳಿಗೆ ಬಾಡಿಗೆಗೆ ಕಳಿಸುತ್ತಿದ್ದೆ. ಸುಗ್ಗಿ ಮುಗಿದರೆ ಊರೂರಲ್ಲಿ ನಾಟಕ. ಅಂಗಡಿಯ ಕಟ್ಟೆಯ ಮೇಲೆ ಹಾರ್ಮೋನಿಯಂ ಮಾಸ್ತರರು, ವೇಷದ ಬಟ್ಟೆ ಹೊಲಿಯುವವರು, ಲೈಟಿನವರು ಕೂತಿರುತ್ತಿದ್ದರು. ಪರದೆ ಗೊತ್ತು ಮಾಡಲು ಬಂದ ಹಳ್ಳಿಯವರು ಅವರನ್ನೂ ಗೊತ್ತು ಮಾಡಿಕೊಂಡು ಹೋಗುತ್ತಿದ್ದರು. ಎಷ್ಟೋ ಮನೆಗಳ ಒಲೆ ಆ ಕಟ್ಟೆಯಿಂದ ಹೊತ್ತುತ್ತಿತ್ತು. ಅದಕ್ಕೆ ನಾನೇ ಯಜಮಾನ ಎಂಬ ಸೊಕ್ಕು ನನಗಿತ್ತು.

ಒಂದು ವರ್ಷ ಹೊನವಾಡ ಹಳ್ಳಿಯವರು ಪರದೆಗೆ ಬರಲೇ ಇಲ್ಲ. ಬಿಜ್ಜರಗಿಯವರೂ ಬರಲಿಲ್ಲ. ಟಿಕೋಟಾದಲ್ಲಿ ಹುಸೇನಸಾಬ ಎಂಬವನು ಸೀನ್ಸ್ ಅಂಗಡಿ ತೆಗೆದಿದ್ದಾನೆಂದು ತಿಳಿಯಿತು. ಅವನು ಅಲ್ಲಿಯವನೇ. ಕೊಲ್ಲಾಪುರದಲ್ಲಿ ಸಿನಿಮಾ ಸೆಟ್ಟುಗಳಿಗೆ ಬಣ್ಣ ಬಳಿಯುತ್ತಿದ್ದವನು, ತಂದೆಯ ಕಣ್ಣು ಹೋದವೆಂದು ಊರಿಗೆ ಮರಳಿದ್ದ. ನನಗಿಂತ ಬಹಳ ಚಿಕ್ಕವನು.

ತಡೆಯಲಾಗದೆ ಹೊನವಾಡಕ್ಕೆ ಹೋದೆ. ನಾಟಕದ ಮರುದಿನ ಬೆಳಿಗ್ಗೆ; ಪರದೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಎದುರಿಗೆ ಬೀದಿಯ ಪರದೆ ತೂಗಿತ್ತು. ಅದರ ಅಂಗಡಿಗಳೂ ದೀಪದ ಕಂಬಗಳೂ ದೂರ ಹೋದಂತೆ ಸಣ್ಣಗಾಗುತ್ತ ಕೊನೆಗೆ ಒಂದು ಚುಕ್ಕೆಯಲ್ಲಿ ಕೂಡಿದ್ದವು. ಇದಕ್ಕೆ ಪರ್ಸ್‌ಪೆಕ್ಟಿವ್ ಎನ್ನುತ್ತಾರೆ. ಹೆಸರು ನನಗೂ ಗೊತ್ತಿತ್ತು, ಕೈಗೆ ಹತ್ತಿರಲಿಲ್ಲ. ನನ್ನ ಬೀದಿ ಗೋಡೆಯ ಹಾಗೆ ನಿಲ್ಲುತ್ತಿತ್ತು. ಅವನ ಬೀದಿಯಲ್ಲಿ ನಡೆದುಕೊಂಡು ಹೋಗಬಹುದಿತ್ತು. ತಪ್ಪು ಹುಡುಕಿದೆ. ಸಿಗಲಿಲ್ಲ. ಕಟ್ಟಿಕೊಂಡು ಹೋಗಿದ್ದ ಬುತ್ತಿಯನ್ನು ಬಿಚ್ಚದೆ ಮರಳಿ ತಂದೆ.

ಸ್ವಲ್ಪ ದಿನಗಳಲ್ಲೇ ನನ್ನ ಕಟ್ಟೆ ತೆರವಾಯಿತು. ಮೊದಲು ಹಾರ್ಮೋನಿಯಂ ಮಾಸ್ತರರು, ಆಮೇಲೆ ಲೈಟಿನವರು ಟಿಕೋಟಾದ ಬಸ್ಸು ಹತ್ತಿದರು.

ಉಳಿದ ದೊಡ್ಡ ಗಿರಾಕಿ ಎಂದರೆ ಬಬಲೇಶ್ವರದ ನಾಟಕ ಸಂಘ. ಅದರ ಮುಖ್ಯಸ್ಥ ಮಲ್ಲನಗೌಡರು ನನ್ನನ್ನೂ ಹುಸೇನಸಾಬನನ್ನೂ ಕರೆಸಿದರು.

“ದರಬಾರು, ಅಡವಿ ನಿಮ್ಮವು ಮಾಸ್ತರ. ಬೀದಿ, ಮನಿ ಹುಸೇನಸಾಬಂದು. ಇಬ್ಬರೂ ಹೊಸಾವು ಬರೀರಿ. ಯಾರದು ಛಲೋ ಕಾಣತೈತಿ, ಮುಂದ ಎಲ್ಲಾ ಅವರಿಗೇ.”

ನಾನು ಆ ಅಡವಿಯನ್ನು ಎಲೆಎಲೆಯಾಗಿ ಬರೆದೆ. ಪರದೆ ಏರಿಸಿ ನೋಡುವ ಮಧ್ಯಾಹ್ನ ಅರ್ಧ ಊರೇ ನೆರೆದಿತ್ತು. ನನ್ನ ಅಡವಿ ಇಳಿದಾಗ “ಛಲೋ ಐತ್ರಿ” ಎಂದರು. ಆಮೇಲೆ ಹುಸೇನಸಾಬನ ಬೀದಿ ಇಳಿಯಿತು. ಮುಂದೆ ಕೂತಿದ್ದ ಮುದುಕಿಯೊಬ್ಬಳು ಕತ್ತು ಚಾಚಿ, “ಯಪ್ಪಾ, ಆ ಓಣಿ ಎಲ್ಲಿಗಿ ಹೋಗತೈತೋ?” ಎಂದು ಕೇಳಿದಳು. ಗೌಡರು ನನ್ನ ಮುಖ ನೋಡಲಿಲ್ಲ. ನೋಡದಿದ್ದುದೇ ತೀರ್ಪು.

ರಂಗದ ಹಿಂದೆ ಒಬ್ಬನೇ ಕೂತಿದ್ದೆ. ಹುಸೇನಸಾಬ ಎರಡು ಚಹಾ ಹಿಡಿದುಕೊಂಡು ಬಂದ.

“ಅಣ್ಣಾ, ನಾ ಮುಂಬೈಗೆ ಹೊಂಟೇನಿ. ಸಿನಿಮಾದವರು ಕರಿಸ್ಯಾರ. ಅಪ್ಪನ್ನೂ ಕರಕೊಂಡು ಹೋಗತೇನಿ.”

ಪೀಡೆ ತೊಲಗಿತು ಎಂದು ನಾನು ಹಿಗ್ಗಬೇಕಿತ್ತು. ಬದಲಿಗೆ ಹೊಟ್ಟೆಯಲ್ಲಿ ಮತ್ತೊಂದು ಬೆಂಕಿ ಹೊತ್ತಿತು. ನನ್ನನ್ನು ಎಲ್ಲಿಂದಲೂ ಯಾರೂ ಎಂದೂ ಕರೆದಿರಲಿಲ್ಲ.

“ಇಲ್ಲಿ ಗೆದ್ದೀಯಲ್ಲೋ. ಇನ್ನೇನು ಬೇಕು ನಿನಗ?” ಎಂದೆ.

ಅವನು ನಗಲಿಲ್ಲ. “ನೀವು ಹೊನವಾಡಕ್ಕ ಬಂದು ನನ್ನ ಪರದೆ ಮುಂದ ನಿಂತಿದ್ರಂತ. ಕೇಳಿ ಭಾಳ ಖುಷಿ ಆತು. ಆದರ ಅಣ್ಣಾ, ಈ ಕಡೆ ನನ್ನ ಕೆಲಸ ನೋಡಿ ಹೊಟ್ಟಿ ಉರಕೊಳ್ಳಾವರು ನೀವೊಬ್ಬರ. ಮುಂಬೈದಾಗ ಅಂಥವರು ಭಾಳ ಮಂದಿ ಅದಾರ. ಅವರ ಕೆಲಸ ನೋಡಿ ನಾನೂ ಉರಕೋಬೇಕು. ಇಲ್ಲೇ ಇದ್ದರ ಇದ ಬೀದಿ ಬರಕೋತ ಮುದುಕ ಆಗತೇನಿ.”

ಅವನು ಹೋದ. ಟಿಕೋಟಾದ ಅಂಗಡಿ ಮುಚ್ಚಿತು. ಅವನ ಪಾಲಿನ ಗಿರಾಕಿಗಳು ನನ್ನ ಕಡೆ ಬರುತ್ತಾರೆ ಎಂದುಕೊಂಡೆ. ಬಬಲೇಶ್ವರದವರು ಬಂದರು, ಅದೂ ಬೇರೆ ದಾರಿಯಿಲ್ಲದೆ. ಹೊನವಾಡದವರು ಮೀರಜಿನಿಂದ ಪರದೆ ತರಿಸಿದರು. ಪರದೆಯ ಜೊತೆ ಅಲ್ಲಿಯದೇ ಹಾರ್ಮೋನಿಯಂ, ಅಲ್ಲಿಯದೇ ಲೈಟು ಬಂತು. ನನ್ನ ಕಟ್ಟೆಗೆ ಮರಳಿದವರು ಕೆಲಸವಿಲ್ಲದೆ ಎಲೆ ಅಡಿಕೆ ಜಗಿಯುತ್ತ ಕೂತರು. ಒಳ್ಳೆಯದನ್ನು ಒಮ್ಮೆ ಕಂಡ ಜನ ಸಾಧಾರಣಕ್ಕೆ ಇಳಿಯಲಾರರು ಎಂಬುದು ಆಗ ತಿಳಿಯಿತು.

ಕೊನೆಗೆ ಅಥಣಿ ರಸ್ತೆಯ ಬದಿಯಲ್ಲಿ ಒಂದು ಶೆಡ್ ಹಿಡಿದೆ. ಬೋರ್ಡು ಬರೆಯುವ ನಾಲ್ವರನ್ನು ಸೇರಿಸಿಕೊಂಡೆ. ಮೀರಜಿನಿಂದ ಒಬ್ಬ ಚಿತ್ರಕಲಾ ಶಿಕ್ಷಕರನ್ನು ಕರೆಸಿ, ಅವರೊಡನೆ ಕೂತು ನಾನೂ ಬೀದಿ ದೂರ ಸರಿಯುವಂತೆ ಗೆರೆ ಎಳೆಯುವುದನ್ನು ಕಲಿತೆ. ಆ ನಾಲ್ವರೂ ದಿನವಿಡೀ ಪಕ್ಕದವನ ಪರದೆಯ ಮೇಲೆ ಕಣ್ಣಿಟ್ಟು ಜಗಳಾಡುತ್ತಿದ್ದರು. ಆ ಉರಿಯೇ ಅವರಿಗೆ ಕೆಲಸ ಕಲಿಸುತ್ತದೆಂದು ನಾನು ಬಿಡಿಸಲು ಹೋಗುತ್ತಿರಲಿಲ್ಲ. ಒಬ್ಬ ಸೊಲ್ಲಾಪುರಕ್ಕೆ ಹೋದ, ಮೂವರು ಉಳಿದರು. ಹಳ್ಳಿಗಳು ಒಂದೊಂದಾಗಿ ಹಿಂದಿರುಗಿದವು.

ಹುಸೇನಸಾಬ ಮುಂಬೈಯಲ್ಲೇ ನೆಲೆಸಿದ. ಅವನ ಏಳಿಗೆಯ ಸುದ್ದಿ ಕಿವಿಗೆ ಬಿದ್ದರೆ ಈ ವಯಸ್ಸಿನಲ್ಲೂ ಒಳಗೆ ಸಣ್ಣಗೆ ಉರಿಯುತ್ತದೆ. ಅದು ಆರುವ ಬೆಂಕಿಯಲ್ಲ. ಆದರೆ ನನ್ನ ಕಸುಬು ಕಲಿಸಿದ ಮಾತು ಇಷ್ಟು: ಒಳ್ಳೆಯ ಕೈ ಊರಲ್ಲಿ ನಿಲ್ಲಬೇಕಾದರೆ ಅದಕ್ಕೆ ಸರಿಜೋಡಿ ಕೈಗಳು ಅದೇ ಊರಲ್ಲಿ ಇರಬೇಕು. ಎದುರಾಳಿ ಎದ್ದು ಹೋದ ಪೇಟೆಯಲ್ಲಿ ಉಳಿದವನಿಗೂ ಗಿರಾಕಿ ಇರುವುದಿಲ್ಲ.