ಗಿಡ್ಡಮ್ಮ ತೊಳೆದ ಬಂಡೆ

ಕಳಸದ ಕಡೆ ಏಡಿ ಹಿಡಿಯುವುದರಲ್ಲಿ ನಮ್ಮ ಗಿಡ್ಡಮ್ಮನನ್ನು ಮೀರಿಸುವವರಿಲ್ಲ. ಹೆಸರಷ್ಟೇ ಗಿಡ್ಡಮ್ಮ, ಆಳು ನನಗಿಂತ ಗೇಣುದ್ದ ಎತ್ತರ. ಹಗಲು ನಮ್ಮ ತೋಟದಲ್ಲಿ ಕಾಫಿ ಕೊಯ್ದು, ಸಂಜೆ ಜಯದೇವಪ್ಪನವರ ಹಡ್ಲಿಗೆ ಇಳಿಯುವಳು. ಬೇಸಾಯ ಬಿಟ್ಟು ಜೊಂಡು ಬೆಳೆದ ಗದ್ದೆ ಅದು. ಬೇಸಿಗೆಯಲ್ಲೂ ಕಾಲು ಮುಳುಗುವಷ್ಟು ನೀರು. ಹೊಟ್ಟೆಯಡಿ ಮರಿ ಹೊತ್ತ ಏಡಿ ಸಿಕ್ಕರೆ ವಾಪಸ್ ಬಿಡುವಳು.

"ನಾನೊಬ್ಳೇ ತಿಂದು ಮುಗಿಸಿದ್ರೆ ಆಗುತ್ತಾ ಅಮ್ಮ? ನೀರುನಾಯಿಗೂ ಬೇಡ್ವಾ?"

ಹಡ್ಲಿನ ನಡುವಿನ ಬಂಡೆಯ ಮೇಲೆ ನೀರುನಾಯಿಗಳ ಹಿಕ್ಕೆ ಬಿದ್ದಿರುತ್ತಿತ್ತು, ಅದರ ತುಂಬ ಏಡಿ ಚಿಪ್ಪಿನ ಚೂರು. ಒಟ್ಟು ಆರು ಇವೆಯೆಂದು ಅವಳು ಕಣ್ಣಾರೆ ಕಂಡಿದ್ದಳು.

ಈ ಜನವರಿಯಲ್ಲಿ ನೀರುನಾಯಿಗಳ ಸಮೀಕ್ಷೆಗೆ ರಶ್ಮಿ ಎಂಬ ಹುಡುಗಿ ಬರುತ್ತಾಳೆಂದು ಸುದ್ದಿಯಾಯಿತು. ಹಡ್ಲಿನ ಅಂಚಿನಲ್ಲಿರುವ ಗಿಡ್ಡಮ್ಮನ ಮನೆಗೆ ಹಕ್ಕುಪತ್ರವಿಲ್ಲ.

"ಪ್ರಾಣಿ ಇದೆ ಅಂತ ಬರ್ಕೊಂಡ್ರೆ ಇದನ್ನೂ ಕಾಡು ಅಂತಾರೆ, ನಿನ್ ಮನೆ ಎಬ್ಬಿಸ್ತಾರೆ. ಬಾಯಿ ಬಿಡ್ಬೇಡ ಮಾರಾಯ್ತಿ," ಎಂದೆ. ಹೌದು, ಹಾಗೆಂದವಳು ನಾನೇ. ಈ ಘಟ್ಟದಲ್ಲಿ ನಮಗೆಲ್ಲ ಒಂದೇ ಕಾಯಿಲೆ. ಯಾರಾದರೂ ಪೆನ್ನು ಹಿಡಿದು ಪ್ರಾಣಿಯ ಹೆಸರೆತ್ತಿದರೆ ಜಮೀನು ಹೋಯಿತೆಂದೇ ಎದೆ ಹೊಡೆದುಕೊಳ್ಳುತ್ತೇವೆ.

ರಶ್ಮಿ ಬರುವ ದಿನ ಗಿಡ್ಡಮ್ಮ ಬೆಳಗ್ಗೆಯೇ ಹೋಗಿ, ತೆಂಗಿನ ನಾರಿನಿಂದ ಬಂಡೆ ತಿಕ್ಕಿ ತೊಳೆದಳು.

"ನೀರುನಾಯಾ? ನಮ್ಮಪ್ಪನ ಕಾಲದಲ್ಲಿ ಇದ್ವಂತೆ," ಎಂದಳು. ರಶ್ಮಿ 'ಇಲ್ಲ' ಎಂದು ಬರೆದುಕೊಂಡು ಹೋದಳು.

ಹದಿನೈದು ದಿನಕ್ಕೆ ಜೆಸಿಬಿ ಬಂತು. ಹಡ್ಲಿನುದ್ದಕ್ಕೂ ಆಳದ ಕಾಲುವೆ ತೋಡಿ ನೀರನ್ನೆಲ್ಲ ಹಳ್ಳಕ್ಕೆ ಬಿಟ್ಟರು. ಗಿಡ್ಡಮ್ಮ ಓಡಿದಳು, ಹಿಂದೆಯೇ ನಾನೂ ಹೋದೆ.

"ಆ ಹುಡುಗೀನ ಕರೆಸಿದ್ದೇ ನಾನು," ಎಂದರು ಜಯದೇವಪ್ಪ. "ನೀರುನಾಯಿ ಇದ್ರೆ ಹಡ್ಲು ಮುಟ್ಟೋದು ಬೇಡ ಅಂದ್ಕೊಂಡಿದ್ದೆ. ಏನೂ ಇಲ್ಲ ಅಂದ್ರಲ್ಲ, ಅದಕ್ಕೇ ಶುಂಠಿ ಹಾಕೋಣ ಅಂತ."

"ಇವೆ ಅಯ್ಯಾ! ಆರಿವೆ! ನಾನೇ ಬಂಡೆ ತೊಳ್ದು ಸುಳ್ಳು ಹೇಳ್ದೆ!"

ಅವರು ಅಲ್ಲೇ ಯಂತ್ರ ನಿಲ್ಲಿಸಿದರು, ಮರುದಿನ ಕಾಲುವೆಗೆ ಮಣ್ಣೂ ತುಂಬಿಸಿದರು. ಆದರೆ ಇಳಿದುಹೋದ ನೀರು ಹತ್ತಿ ಬರಲಿಲ್ಲ. ಮಾರ್ಚಿಗೆ ಹಡ್ಲು ಬಿರುಕುಬಿಟ್ಟಿತು. ಯಾವ ಬೇಸಿಗೆಯಲ್ಲೂ ಬತ್ತದ ಗಿಡ್ಡಮ್ಮನ ಬಾವಿಯೂ ಬತ್ತಿತು. ಈಗ ಅವಳು ನಮ್ಮನೆಯಿಂದ ಕೊಡದಲ್ಲಿ ನೀರು ಹೊರುತ್ತಾಳೆ. ನಾಲ್ಕು ಮಾತು ಬೈದಿದ್ದರೆ ನನಗಾದರೂ ಹಗುರಾಗುತ್ತಿತ್ತು. ಬೈಯುವುದಿಲ್ಲ. ನನಗೆ ಅವಳ ಮುಖ ನೋಡಲಿಕ್ಕೇ ನಾಚಿಕೆ.

ನಿನ್ನೆ ಕೊಡ ಇಳಿಸಿ, "ಬನ್ನಿ ಅಮ್ಮ, ಒಂದ್ಸಲ ನೋಡ್ಕೊಂಡು ಬರೋಣ," ಎಂದಳು. ಬಂಡೆಯ ಮೇಲೆ ಹೊಸ ಹಿಕ್ಕೆ ಬಿದ್ದಿದೆಯೇನೋ ಎಂದು ದಿನಾ ಬೆಳಗ್ಗೆ ಅವಳೊಬ್ಬಳೇ ಹೋಗಿ ನೋಡುತ್ತಿದ್ದಳಂತೆ. ಒಣಗಿದ ಜೊಂಡು ತುಳಿದುಕೊಂಡು ಇಬ್ಬರೂ ನಡೆದೆವು.

"ನೀವ್ ಹೇಳಿದ್ರಿ ಅಂತ ನಾನು ದೂರಲ್ಲ. ತೊಳ್ದಿದ್ದು ನನ್ ಕೈಯಲ್ವಾ?"

ಬಂಡೆ ಅವಳು ತೊಳೆದ ದಿನದಷ್ಟೇ ಚೊಕ್ಕಟವಾಗಿತ್ತು.