ಐದೇ ದಿನದ ಕರೆಂಟು

“ಐದು ದಿನ ಕರೆಂಟ್ ಕೊಟ್ಟರೆ ಮುಗೀತಂತೆ. ಆಮೇಲೆ ಊರಿಗೆ ಹೋಗಬಹುದಂತೆ.” ಹೊಸೂರು ಕಡೆಯ ನರ್ಸ್ ಡಾಕ್ಟರ ತಮಿಳನ್ನು ಕನ್ನಡ ಮಾಡಿ ಹೇಳಿದಳು. ಎದೆಯ ಗಂಟು ತೆಗೆಸಿಕೊಂಡು, ಒಂದೂವರೆ ತಿಂಗಳ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಇರುತ್ತದೆಂದು ಅಂಗನವಾಡಿಗೆ ರಜೆ ಹಾಕಿ, ಕುರಿಗಳನ್ನು ಅತ್ತೆಗೆ ಒಪ್ಪಿಸಿ, ಎರಡು ಚೀಲ ರಾಗಿಹಿಟ್ಟಿನೊಂದಿಗೆ ಕೋಡಿಹಳ್ಳಿಯಿಂದ ಚೆನ್ನೈಗೆ ಬಂದವಳು ನಾನು. ನಮ್ಮೂರಿನಲ್ಲಿ ಇದೇ ಕಾಯಿಲೆಯ ಇನ್ನೊಬ್ಬಳಿಗೆ ಅಷ್ಟು ದಿನ ಕೊಟ್ಟಿದ್ದರು. ನಮ್ಮ ಕಡೆ ಡಾಕ್ಟರು ಬೇಗ ಮನೆಗೆ ಕಳಿಸಿದರೆ ಅದಕ್ಕೆ ಒಂದೇ ಅರ್ಥ, ಕೈಬಿಟ್ಟರು ಅಂತ.

ನನ್ನ ಗಂಡ ಚೆನ್ನೈನಲ್ಲಿ ಲಾರಿ ಓಡಿಸುತ್ತಾರೆ. ಅವರ ಒಂಟಿ ಕೋಣೆಯೇ ನನ್ನ ಹೊಸ ಮನೆ. ಬೆಳಗಿನ ನೀರೂ ಇಲ್ಲಿ ಬಿಸಿ. ರಾಗಿ ಅಂಬಲಿಗೆ ಇಲ್ಲಿ ‘ಕೂಳ್’ ಎನ್ನುತ್ತಾರೆ. ನಮ್ಮಲ್ಲಿ ಸಿಟ್ಟು ಬಂದಾಗ ಮಾತ್ರ ಅನ್ನಕ್ಕೆ ಕೂಳು ಅನ್ನುತ್ತೇವೆ. ಮನೆ ಯಜಮಾನಿಗೆ ನನ್ನ ಹೆಸರು ಬೇಡ, ಕರ್ನಾಟಕದವರೆಲ್ಲ ಅವಳಿಗೆ ಬೆಂಗಳೂರಮ್ಮ.

ಆಸ್ಪತ್ರೆಯಿಂದ ಬಂದ ಮೇಲೆ ಗಂಡ ಮುಖ ತಿರುಗಿಸಿಕೊಂಡೇ, “ಏನ್ ತಿನ್ಬೇಕು ಅನ್ಸ್ತದೆ ಯೋಳು, ತತ್ತೀನಿ” ಎಂದರು. ಅದು ನಮ್ಮಲ್ಲಿ ಸಾಯುವವರನ್ನು ಕೇಳುವ ಮಾತು.

“ಯಾಕೆ, ನಾನ್ ಒಂಟೋಯ್ತೀನಿ ಅಂತಾನಾ?” ಎಂದೆ. ಅವರು ಅತ್ತುಬಿಟ್ಟರು.

ಮರುದಿನ ನರ್ಸಿನ ಕೈ ಹಿಡಿದು ಕೇಳಿಯೇಬಿಟ್ಟೆ. ಅವಳು ಡಾಕ್ಟರನ್ನೇ ಕರೆದು ತಂದಳು. ನನ್ನದು ಬೇಗ ಸಿಕ್ಕಿದ ಸಣ್ಣ ಗಂಟಂತೆ. ಇಂಥವರಿಗೆ ದಿನದ ಪ್ರಮಾಣ ಹೆಚ್ಚಿಸಿ ದಿನಗಳನ್ನು ಕಡಿಮೆ ಮಾಡುತ್ತಾರಂತೆ, ಗುಣ ಅಷ್ಟೇ ಇರುತ್ತದಂತೆ. “ಕೈಬಿಟ್ಟಿದ್ದರೆ ಇಷ್ಟು ಅಳತೆ ತೆಗೆದು ಮೈಮೇಲೆ ಗುರುತು ಹಾಕ್ತಿದ್ವಾ ಅಂತ ಕೇಳ್ತಿದ್ದಾರೆ” ಎಂದು ನರ್ಸ್ ನಕ್ಕಳು. ಅರ್ಧ ನಂಬಿದೆ. ಐದು ದಿನವೂ ಆ ಯಂತ್ರದ ಕೆಳಗೆ ಮನೆದೇವರನ್ನು ನೆನೆಯುತ್ತಲೇ ಮಲಗಿದೆ.

ಕೆಂಪಾದ ಚರ್ಮ ಮಾಯಲೆಂದು ಚೆನ್ನೈನಲ್ಲೇ ಇದ್ದು, ಎರಡು ತಿಂಗಳ ಮೇಲೆ ತಪಾಸಣೆಯಲ್ಲಿ ಎಲ್ಲ ಸರಿಯಿದೆ ಎನ್ನಿಸಿಕೊಂಡು ಊರಿಗೆ ಬಂದೆ. ಕೊಟ್ಟಿಗೆಯಲ್ಲಿ ಎರಡು ಟಗರು ಮಂದೆಯಿಂದ ಬೇರೆಯಾಗಿ ಗೂಟಕ್ಕೆ ಕಟ್ಟಿಸಿಕೊಂಡು ಹುರುಳಿ ಮೇಯುತ್ತಿದ್ದವು.

“ಇವ್ಯಾಕತ್ತೆ ಇಂಗೆ ಕೊಬ್ಬವೆ?”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಿನ್ ತಿಥಿಗೆ ಅಂತ ಮೇಯಿಸ್ದೆ ಕಣವ್ವ. ಐದೇ ದಿನುಕ್ಕೆ ಮುಗಿಸ್ತವ್ರೆ ಅಂತ ನನ್ ಮಗ ಫೋನ್ನಾಗೆ ಅತ್ತನಲ್ಲ. ಆಮೇಲೆ ವಾಸಿಯಾಯ್ತದೆ ಅಂದ, ನನ್ ಸಮಾಧಾನುಕ್ಕೆ ಅಂದ ಅನ್ಕಂಡೆ. ಇರೋಳು ಒಬ್ಳು ಸೊಸೆ, ಊರ್ಗೆಲ್ಲ ಒಟ್ಟೆ ತುಂಬ ಇಕ್ಬೇಡ್ವಾ?”

ಕ್ಯಾನ್ಸರ್ ಎಂದಾಗಲೂ ನಾನು ಅಷ್ಟು ಬೆಚ್ಚಿರಲಿಲ್ಲ. ಆಮೇಲೆ ಹಟ ಬಂತು. ಆ ಭಾನುವಾರವೇ ಒಂದನ್ನು ಕುಯ್ಯಿಸಿ, ನನ್ನ ತಿಥಿಯ ಊಟವನ್ನು ಮುದ್ದೆಯ ಜೊತೆ ನಾನೇ ಹೊಟ್ಟೆ ತುಂಬ ಉಂಡೆ.

ಈಗ ಇನ್ನೊಂದು ತಪಾಸಣೆಗೆಂದು ಮತ್ತೆ ಚೆನ್ನೈನಲ್ಲಿದ್ದೇನೆ. ನಾನು ಬದುಕುತ್ತೇನೆ ಎಂಬುದರಲ್ಲಿ ಇಲ್ಲಿ ಯಾರಿಗೂ ಅನುಮಾನವಿಲ್ಲ. ನಾನು ಸತ್ತರೆ ಊರಿಗೆಲ್ಲ ಉಣ್ಣಿಸುವವರೂ ಇಲ್ಲಿಲ್ಲ. ಊರಿನಲ್ಲಿ ಎರಡನೆಯ ಟಗರು ಇನ್ನೂ ಗೂಟದಲ್ಲೇ ಇದೆ. ಅತ್ತೆ ಅದನ್ನು ಮಾರುತ್ತಿಲ್ಲ, ಮಾರಿ ಎಂದು ಹೇಳಲು ನನಗೂ ಬಾಯಿ ಬರುತ್ತಿಲ್ಲ.