ಲಕ್ಕಿ ಗಿಡದ ಮರೆ

ಮೊನ್ನೆ ಫೋನಿಗೆ ಒಂದು ವಿಡಿಯೋ ಬಂತು. ಕರಾವಳಿಯ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಸಸಿ ನೆಡುತ್ತಿದ್ದರು. ಮೊದಲಿದ್ದ ಕಾಡನ್ನು ಕಡಿದು ಹಾಕಿದ್ದರಂತೆ, ಈಗ ಮತ್ತೆ ಬೆಳೆಸುತ್ತಿದ್ದಾರೆ. ಪ್ಯಾಂಟಿಗೆ ಹನಿ ಕೆಸರೂ ತಾಗದ ಹಾಗೆ ದಂಡೆಯ ಮೇಲೆ ನಿಂತ ಆಫೀಸರ್ ಉಪಯೋಗ ಹೇಳುತ್ತಿದ್ದರು. ಅಲೆ ತಡೆಯುತ್ತದೆ, ಮಣ್ಣು ಹಿಡಿಯುತ್ತದೆ, ಬೇರಿನ ನಡುವೆ ಮೀನು ಮರಿ ಮಾಡುತ್ತವೆ.

ಎಲ್ಲ ಸರಿ. ಒಂದು ಉಪಯೋಗ ಬಿಟ್ಟರಲ್ಲ ಸಾಹೇಬರು? (ಹೇಳಲು ನಾಚಿಕೆ ಇರಬೇಕು. ನಾನು ಆ ವಯಸ್ಸು ದಾಟಿದ್ದೇನೆ.)

ಇರಕಲ್ಲಗಡದ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದಲ್ಲಿ. ಸಮುದ್ರ ಕಂಡವರು ಯಾರೂ ಇರಲಿಲ್ಲ. ಇದ್ದದ್ದು ಒಂದು ಹಳ್ಳ. ಅದರ ದಂಡೆಯುದ್ದಕ್ಕೂ ಲಕ್ಕಿ ಗಿಡಗಳು ಒತ್ತೊತ್ತಾಗಿ ಬೆಳೆದಿದ್ದವು. ಆಡು ಮೂಸುವುದಿಲ್ಲ, ಒಲೆಗೂ ಅಷ್ಟಕ್ಕಷ್ಟೆ. ಗಂಡಸರ ಲೆಕ್ಕದಲ್ಲಿ ದಂಡಕ್ಕೆ ಬೆಳೆದ ಗಿಡ. ನಮಗೆ? ಊರಿನಲ್ಲಿ ಒಂದೂ ಪಾಯಖಾನೆ ಇಲ್ಲದ ಕಾಲ. ಹೆಂಗಸರು ಹೋಗುತ್ತಿದ್ದದ್ದು ಆ ಗಿಡಗಳ ಮರೆಗೇ.

ಹೈಬ್ರಿಡ್ ಜೋಳ ಬಂದ ಮೇಲೆ ಎಲ್ಲರಿಗೂ ಹೊಲ ಸಾಲದಾಯಿತು. ದಂಡೆಯ ಹೊಲ ನಮ್ಮ ಮಾವನವರದೇ. ಒಂದು ಬೇಸಿಗೆ ಆಳು ಹಚ್ಚಿ ಲಕ್ಕಿಯನ್ನೆಲ್ಲ ಬೇರುಸಮೇತ ಕೀಳಿಸಿದರು. ನಾಲ್ಕು ಸಾಲು ಹೆಚ್ಚು ಬಿತ್ತಬಹುದಂತೆ.

"ಹೆಣ್ಮಕ್ಕಳು ಎಲ್ಲಿಗೆ ಹೋಗ್ಬೇಕ್ರಿ?" ಎಂದರು ಅತ್ತೆ.

"ಇಷ್ಟ್ ದೊಡ್ಡ ಭೂಮಿ ಐತಿ, ನಿಮಗ ಜಾಗಾ ಇಲ್ಲೇನು?"

"ಭೂಮಿ ಐತ್ರಿ. ಅಡ್ಡಕ ಏನೈತಿ?"

"ಮುಂಜಾನಿ ಲಗೂನ ಏಳ್ರಿ, ಮುಗೀತು." ಮಾವ ಎಲೆಗೆ ಸುಣ್ಣ ಸವರಿಕೊಂಡರು.

ನಾನಾಗ ಬಸುರಿ. ಬೆಳಕು ಹರಿಯುವ ಮುಂಚೆ ಹೋಗಿ ಬಂದರೆ ಮುಗಿಯಿತು, ಮತ್ತೆ ಕತ್ತಲಾಗಬೇಕು. ನಡುವೆ ನೀರು ಕುಡಿಯಲೇ ಹೆದರಿಕೆ. ಉರಿಮೂತ್ರ ಹತ್ತಿತು, ಜ್ವರ ಬಂತು. ಕೊಪ್ಪಳದ ಡಾಕ್ಟರು, "ನೀರು ಭಾಳ ಕುಡೀಬೇಕವಾ" ಎಂದರು.

ಅತ್ತೆ ಬಿಡಲಿಲ್ಲ. "ಕುಡೀತಾಳ್ರಿ. ಆಮ್ಯಾಲ ಹೋಗೂದೆಲ್ಲಿ, ನಿಮ್ಮ ದವಾಖಾನ್ಯಾಗ?"

ಡಾಕ್ಟರು ತಲೆ ಬಗ್ಗಿಸಿ ಚೀಟಿ ಬರೆದರು. (ಕೂಸು ಉಳಿಯಿತು. ಅದು ಕೂಸಿನ ಗಟ್ಟಿತನ, ಮಾವನವರದಲ್ಲ.)

ಊರಿಗೆ ಬಂದವರೇ ಅತ್ತೆ ಓಣಿಯ ಹೆಂಗಸರನ್ನು ಕರೆದುಕೊಂಡು ಕಟ್ಟೆಯ ಮುಂದೆ ನಿಂತರು. "ಕಿತ್ತ ಗಿಡಾ ಹೊಳ್ಳಿ ಹಚ್ರಿ" ಎಂದು ಕೇಳಿದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಇದೂ ಒಂದು ಕಟ್ಟೆಗೆ ತರುವ ಮಾತೇ?

ಮರುವರ್ಷ ಹಳ್ಳ ತುಂಬಿ ಬಂತು. ಹೊಸ ಸಾಲುಗಳು ಹೋದವು. ಅವುಗಳ ಹಿಂದೆ ಅಜ್ಜನ ಕಾಲದ ಹೊಲದ ಅಂಚೂ ಕುಸಿಯಿತು. ಮಾವ ದಂಡೆಗೆ ಇಳಿದು ಕುಸಿದ ಮಣ್ಣು ಮುಟ್ಟಿ ನೋಡಿದರು. "ಆ ಬೇರು ಮಣ್ಣ ಹಿಡಕೊಂಡಿತ್ತು ನೋಡೋ" ಎಂದು ನನ್ನ ಗಂಡನಿಗೆ ಹೇಳಿದರು, ಹೊಸದೇನೋ ಕಂಡುಹಿಡಿದವರಂತೆ. ನೀರು ಇಳಿದದ್ದೇ ತಡ, ಲಕ್ಕಿ ಟೊಂಗೆ ತರಿಸಿ ದಂಡೆಯುದ್ದಕ್ಕೂ ಚುಚ್ಚಿಸಿದರು. ಊರೆಲ್ಲ ಅವರ ಬುದ್ಧಿಯನ್ನು ಹೊಗಳಿತು. ನಾವೂ ಹೊಗಳಿದೆವು. ಸಿಟ್ಟಿಗೆದ್ದು ಮತ್ತೆ ಕಿತ್ತರೆ?

ಆ ಗಿಡಗಳು ಆಳೆತ್ತರ ಆಗುವ ತನಕ ನೀವೆಲ್ಲ ಎಲ್ಲಿಗೆ ಹೋದಿರಿ ಎಂದು ಮಾತ್ರ ಇವತ್ತಿನವರೆಗೂ ಒಬ್ಬ ಗಂಡಸೂ ಕೇಳಿಲ್ಲ.